ಗಡಿ ಅಧಿಕಾರಿ ಪೌರತ್ವ ಕೇಳಿದಾಗ

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಪ್ರವಾಸಿ ವೀಸಾದ ಮೇಲೆ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಅಲ್ಲಿಂದ ಲಾಸ್ ಏಂಜಲೀಸ್‌ಗೆ ಕಾರಿನಲ್ಲಿ ಹೋಗುವಾಗ ಗಡಿ ಪಡೆಯವರು ವಾಹನ ತಡೆದು ಪೌರತ್ವ ವಿಚಾರಿಸುವುದುಂಟು ಎಂದು ಮಗಳು ಹೇಳುತ್ತಾಳೆ. ದೇಶದ ಒಳಗೂ ಹೀಗೆ ಕೇಳಬಹುದೆ? ಉತ್ತರಿಸಲೇಬೇಕೆ? ನನ್ನ ಪತ್ನಿಗೆ ಇಂಗ್ಲಿಷ್ ಬಾರದು.
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಕೇಳಬಹುದು. ಆ ದಾರಿಯಲ್ಲಿ ಸ್ಯಾನ್ ಕ್ಲೆಮೆಂಟೆ ಬಳಿಯಿರುವ ತಪಾಸಣಾ ಕೇಂದ್ರವು ಮೆಕ್ಸಿಕೊ ಗಡಿಯಿಂದ 66 ಮೈಲಿ ಒಳಗಿದೆ. ಮೈಸೂರು ಬಿಟ್ಟವರು ಬಿಡದಿಯನ್ನು ಸಮೀಪಿಸುವಷ್ಟು ದೂರ. ಇದೇ ಕೇಂದ್ರವನ್ನು ಕುರಿತ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ, ಇಂಥ ಕಾಯಂ ಕೇಂದ್ರಗಳಲ್ಲಿ ನಿರ್ದಿಷ್ಟ ಅನುಮಾನವಿಲ್ಲದೆಯೂ ವಾಹನ ನಿಲ್ಲಿಸಿ ಪೌರತ್ವವನ್ನು ಚುಟುಕಾಗಿ ವಿಚಾರಿಸಬಹುದೆಂದು ತೀರ್ಪಿತ್ತಿತು. ಕಾರನ್ನು ಶೋಧಿಸಬೇಕಾದರೆ ಮಾತ್ರ ನಿಮ್ಮ ಸಮ್ಮತಿಯಾದರೂ ಇರಬೇಕು, ಬಲವಾದ ಕಾರಣವಾದರೂ ಇರಬೇಕು. ಡಿಕ್ಕಿ ತೆರೆಯಿರೆಂದು ಕೇಳಿದರೆ ಒಪ್ಪಿಗೆಯಿಲ್ಲವೆಂದು ವಿನಯದಿಂದಲೇ ಹೇಳಬಹುದು. ರಸ್ತೆಯಲ್ಲಿ ಗಸ್ತು ತಿರುಗುವ ತಂಡಕ್ಕೆ ಇಷ್ಟು ಸಲಿಗೆಯೂ ಇಲ್ಲ. ಪ್ರಯಾಣಿಕರ ಮುಖಚಹರೆಯೊಂದನ್ನೇ ನೋಡಿ ಕಾರು ತಡೆಯುವಂತಿಲ್ಲವೆಂದು ಅದೇ ನ್ಯಾಯಾಲಯ 1975ರಲ್ಲಿ ಹೇಳಿದೆ.

ಉತ್ತರಿಸದೆ ಸುಮ್ಮನಿರುವ ಹಕ್ಕು ಪ್ರಯಾಣಿಕರಿಗೆ ಇದೆ, ಆದರೆ ಸುಮ್ಮನಿದ್ದರೆ ವಿಚಾರಣೆ ಬೆಳೆಯಬಹುದು. ನನ್ನನ್ನು ನಿಜವಾಗಿ ಕಾಡುವುದು ಇದಲ್ಲ. ಅರ್ಥವಾಗಲಿ, ಆಗದಿರಲಿ, ಅಧಿಕಾರಿ ಏನು ಕೇಳಿದರೂ ತಲೆಯಾಡಿಸಿ ‘ಹೂಂ’ ಎನ್ನುವುದು ನಮ್ಮ ಹಿರಿಯರ ಸೌಜನ್ಯ. ‘ಯು.ಎಸ್. ಸಿಟಿಜನ್?’ ಎಂಬ ಪ್ರಶ್ನೆಗೆ ಆ ‘ಹೂಂ’ ಬರಕೂಡದು. ಅಮೆರಿಕದ ಪ್ರಜೆಯೆಂದು ಸುಳ್ಳು ಹೇಳಿಕೊಂಡವರಿಗೆ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಬಹುದೆಂಬ ನಿಯಮ 1996ರಿಂದ ಜಾರಿಯಲ್ಲಿದೆ; ತಪ್ಪಾಗಿ ಕೇಳಿಸಿಕೊಂಡೆನೆಂದು ಆಮೇಲೆ ಮನವರಿಕೆ ಮಾಡಿಕೊಡುವುದು ಬಹಳ ಕಷ್ಟ. ‘ಇಂಡಿಯನ್ ಸಿಟಿಜನ್, ವಿಸಿಟರ್ ವೀಸಾ’ ಎಂಬ ನಾಲ್ಕು ಮಾತುಗಳನ್ನು ನಿಮ್ಮ ಪತ್ನಿಯವರಿಗೆ ಹೊರಡುವ ಮೊದಲೇ ಬಾಯಿಪಾಠ ಮಾಡಿಸಿ. ಅದಕ್ಕಿಂತ ಹೆಚ್ಚಿನದನ್ನು ಕೇಳಿದರೆ, ಭಾಷೆ ಕನ್ನಡವೆಂದು ತಿಳಿಸಿ ದುಭಾಷಿಯನ್ನು ಕೋರಬಹುದು.

ಪಾಸ್‌ಪೋರ್ಟ್ ಕಳೆದೀತೆಂದು ಮಗಳ ಮನೆಯ ಬೀರುವಿನಲ್ಲಿ ಇಟ್ಟು ಹೋಗಬೇಡಿ. ಹದಿನೆಂಟು ತುಂಬಿದ ವಿದೇಶೀಯರು ತಮ್ಮ ನೋಂದಣಿ ದಾಖಲೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬುದು ಅಲ್ಲಿನ ಕಾನೂನು. ತಪ್ಪಿದರೆ ದಂಡವಷ್ಟೇ ಅಲ್ಲ, 30 ದಿನಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ನಿಮ್ಮ ಮಟ್ಟಿಗೆ ಆ ದಾಖಲೆಯೆಂದರೆ ಪ್ರವೇಶದ ವಿವರವಿರುವ ಐ-94; ಅದನ್ನು ಇಳಿದ ಕೂಡಲೇ ಅಂತರ್ಜಾಲದಿಂದ ಮುದ್ರಿಸಿ, ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ. ಒಂದು ವೇಳೆ ತಡೆಹಿಡಿದರೆ, ಭಾರತೀಯ ಕಾನ್ಸುಲೇಟಿಗೆ ತಿಳಿಸಿರೆಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಿಂದ ನಿಮಗೆ ದೊರೆತಿದೆ.

ಪ್ರಶ್ನೆ: ಗ್ರೀನ್ ಕಾರ್ಡ್ ಇರುವ ನನ್ನ ತಾಯಿ ಕಬ್ಬಿನ ಗದ್ದೆ ನೋಡಿಕೊಳ್ಳಲು ಹತ್ತು ತಿಂಗಳು ಊರಿನಲ್ಲೇ ಉಳಿದರು. ಹಿಂತಿರುಗುವಾಗ ವಿಮಾನ ನಿಲ್ದಾಣದಲ್ಲಿ ಕಾರ್ಡ್ ಕಿತ್ತುಕೊಳ್ಳುತ್ತಾರೆಯೆ?
– ಓದುಗರೊಬ್ಬರು, ಮಂಡ್ಯ

ಉತ್ತರ: 180 ದಿನಗಳಿಗಿಂತ ಹೆಚ್ಚು ಕಾಲ ಹೊರಗಿದ್ದವರನ್ನು ಹೊಸದಾಗಿ ಪ್ರವೇಶ ಕೋರುವವರಂತೆ ಪ್ರಶ್ನಿಸಬಹುದು, ಆದ್ದರಿಂದ ಅಲ್ಲಿನ ಮನೆ, ಬ್ಯಾಂಕ್ ಖಾತೆ ಮತ್ತು ತೆರಿಗೆಯ ಕಾಗದಗಳು ಕೈಚೀಲದಲ್ಲಿರಲಿ. ಆದರೆ ಶಾಶ್ವತ ನಿವಾಸದ ಹಕ್ಕನ್ನು ಕೌಂಟರಿನಲ್ಲಿ ಕುಳಿತ ಅಧಿಕಾರಿ ತಾನಾಗಿ ರದ್ದು ಮಾಡಲಾರ. ಕೆಲವೊಮ್ಮೆ ಐ-407 ಎಂಬ ನಮೂನೆಯನ್ನು ಮುಂದಿಟ್ಟು ಸಹಿ ಕೇಳುತ್ತಾರೆ. ಅದು ಸ್ವಂತ ಇಚ್ಛೆಯಿಂದ ಕಾರ್ಡನ್ನು ಬಿಟ್ಟುಕೊಡುವ ಪತ್ರ. ದಣಿದು ಇಳಿದ ಹಿರಿಯರು ಹೇಳಿದ ಜಾಗದಲ್ಲೆಲ್ಲ ಸಹಿ ಹಾಕಿಬಿಡುವುದನ್ನು ನೆನೆದರೆ ಸಂಕಟವಾಗುತ್ತದೆ. ಸಹಿ ಹಾಕುವುದಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕು ಎಂದು ಕೇಳುವ ಹಕ್ಕು ನಿಮ್ಮ ತಾಯಿಗಿದೆ. ಆ ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದನ್ನು ಅವರ ಪಾಸ್‌ಪೋರ್ಟಿನಲ್ಲಿ ಇಟ್ಟು ಕಳುಹಿಸಿ.