ಮೂರು ದಿನದಿಂದ ಸ್ನೋ ಬಿದ್ದಿಲ್ಲ, ಬಿಸಿಲಿದೆ. ಡೆನ್ವರ್ ಹತ್ತಿರದ ಬರ್ಥಡ್ ಪಾಸ್ ಕಡೆ ಸ್ನೋಶೂ (ಹಿಮದಲ್ಲಿ ನಡೆಯುವ ಅಗಲ ಪಾದುಕೆ) ಹಾಕಿಕೊಂಡು ಹೋಗಬಹುದಾ?

ಡೆನ್ವರ್‌ಗೆ ಹೊಸದಾಗಿ ಬಂದಿದ್ದೀರಿ, ಗೆಳೆಯರು ಶನಿವಾರ ಬ್ಯಾಕ್‌ಕಂಟ್ರಿಗೆ, ಅಂದರೆ ಸ್ಕೀ ರೆಸಾರ್ಟ್‌ಗಳ ಆಚೆಯ ಬೆಟ್ಟಗಳಿಗೆ, ಕರೆಯುತ್ತಿದ್ದಾರೆ. ಹಿಮಕುಸಿತದ ಮುನ್ಸೂಚನೆಯಲ್ಲಿ ಹಳದಿ ಬಣ್ಣ ಇದೆ, ನಿನ್ನೆ ಹೋದವರ ಹೆಜ್ಜೆ ಗುರುತೂ ಇದೆ, ಅಂದಮೇಲೆ ಹಿಮಕುಸಿತದ ಭಯ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ಭಯ ಇದೆ. ಹೋಗಲೇಬೇಡಿ ಅನ್ನುತ್ತಿಲ್ಲ. ಆದರೆ ಬಿಸಿಲು, ಬಣ್ಣ, ಹೆಜ್ಜೆ ಗುರುತು, ಈ ಮೂರನ್ನೂ ನಂಬಿ ಕೊಲೊರಾಡೊದ ಕಡಿದಾದ ಇಳಿಜಾರಿಗೆ ಕಾಲಿಡಬೇಡಿ.

ಇಲ್ಲಿನ ತೊಂದರೆ ಮೇಲೆ ಕಾಣುವ ಹಿಮದಲ್ಲಿಲ್ಲ, ತಳದಲ್ಲಿದೆ. ಅಕ್ಟೋಬರ್, ನವೆಂಬರ್‌ನಲ್ಲಿ ಸ್ವಲ್ಪ ಸ್ನೋ ಬೀಳುತ್ತದೆ. ಆಮೇಲೆ ಎಷ್ಟೋ ದಿನ ಬರೀ ಒಣ ಚಳಿ. ಹಿಮದ ತಳ, ನೆಲಕ್ಕೆ ತಾಗಿದ ಕಡೆ, ಸುಮಾರು 0 ಡಿಗ್ರಿಯಲ್ಲೇ ಇರುತ್ತದೆ. ಮೇಲೆ ರಾತ್ರಿ ಮೈನಸ್ 20ಕ್ಕೆ ಇಳಿಯಬಹುದು. ಪದರ ತೆಳ್ಳಗಿದ್ದಷ್ಟೂ ಈ ವ್ಯತ್ಯಾಸ ಜೋರು. ಪ್ರತಿ 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಜಾಸ್ತಿ ಆದರೆ ತಳದಿಂದ ಆವಿ ಮೇಲಕ್ಕೆ ಸಾಗುತ್ತದೆ, ಹಿಮದ ಕಣಗಳು ಒಂದಕ್ಕೊಂದು ಅಂಟದ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದು ಉಂಡೆ ಕಟ್ಟಲು ನೋಡಿ, ಸಕ್ಕರೆ ಥರ ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಡಿಸೆಂಬರ್, ಜನವರಿಯ ಗಾಳಿ ಮತ್ತು ಹಿಮ ಬಿರುಗಾಳಿ ಇದರ ಮೇಲೆ ಹಲಗೆಯಂಥ ಗಟ್ಟಿ ಹಿಮದ ಪದರವನ್ನು ಕೂರಿಸುತ್ತವೆ. ಇದಕ್ಕೇ ಸ್ಲ್ಯಾಬ್ ಅನ್ನುತ್ತಾರೆ. ತಳದ ಹರಳಿನ ಪದರ ಮುರಿದರೆ ಈ ಸ್ಲ್ಯಾಬ್ ಕೆಳಕ್ಕೆ ಜಾರುತ್ತದೆ.

ಹಾಗಾಗಿ 'ಸ್ನೋ ಕಡಿಮೆ, ಅಪಾಯವೂ ಕಡಿಮೆ' ಅನ್ನುವ ಲೆಕ್ಕ ಇಲ್ಲಿ ತಪ್ಪು. ಹೊಸ ಸ್ನೋ ಎರಡು ಮೂರು ದಿನದಲ್ಲಿ ಕೂತು ಗಟ್ಟಿಯಾಗುವುದು ನಿಜ. ತಳದ ಈ ಪದರ ಮಾತ್ರ ವಾರಗಟ್ಟಲೆ, ಕೆಲವು ವರ್ಷ ವಸಂತದವರೆಗೂ ಹಾಗೇ ಇರುತ್ತದೆ. ಸ್ಲ್ಯಾಬ್ ದಪ್ಪ ಇರುವ ಕಡೆ ಹತ್ತು ಜನ ನಡೆದರೂ ಅವರ ಭಾರ ತಳಕ್ಕೆ ಮುಟ್ಟದೆ ಇರಬಹುದು. ಹನ್ನೊಂದನೆಯವರು ಬಂಡೆಯ ಪಕ್ಕ, ಹಿಮ ತೆಳುವಾದ ಜಾಗದಲ್ಲಿ ಕಾಲಿಟ್ಟರೆ ಇಡೀ ಇಳಿಜಾರು ಒಡೆಯಬಹುದು. ನಿನ್ನೆಯ ಹೆಜ್ಜೆ ಗುರುತು ಹೇಳುವುದು ನಿನ್ನೆಯ ಮಾತನ್ನು ಮಾತ್ರ.

ನೀವು ಇಳಿಜಾರಿನ ಮೇಲೇ ಇರಬೇಕು ಅಂತಲೂ ಇಲ್ಲ. 2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್‌ನಲ್ಲಿ ಆರು ಜನ ಸಿಕ್ಕಿಬಿದ್ದರು, ಐವರು ತೀರಿಕೊಂಡರು. ಅವರು ಮುನ್ಸೂಚನೆ ಓದಿದ್ದರು, ಅಪಾಯದ ಇಳಿಜಾರು ಯಾವುದು ಅಂತಲೂ ಗೊತ್ತಿತ್ತು. ಅದರ ಕೆಳಗೆ ದಾಟುತ್ತಿದ್ದಾಗ ಮೇಲಿನ ಹಿಮ ತಳದಿಂದಲೇ ಕಿತ್ತುಕೊಂಡು ಬಂತು. ಆರೂ ಜನ ಹೂತುಹೋದ್ದರಿಂದ ತಕ್ಷಣ ಅಗೆಯುವವರು ಯಾರೂ ಇರಲಿಲ್ಲ. ಆ ಅಪಘಾತದ ವರದಿ ಓದಿದ ಮೇಲೆ ನಾನು ನಿಲ್ಲುವ ಜಾಗಕ್ಕಿಂತ ತಲೆಯ ಮೇಲೇನಿದೆ ಅನ್ನುವುದನ್ನೇ ಮೊದಲು ನೋಡುತ್ತೇನೆ.

ಹಳದಿ ಅಂದರೆ ಅಪಾಯದ ಐದು ಹಂತಗಳಲ್ಲಿ ಕೆಳಗಿನಿಂದ ಎರಡನೆಯದು. ತಾನಾಗಿ ಕುಸಿಯುವ ಸಾಧ್ಯತೆ ಕಡಿಮೆ, ಮನುಷ್ಯರ ಭಾರಕ್ಕೆ ಕುಸಿಯಬಹುದು ಅಂತ ಅದರ ಅರ್ಥ. ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಎಬ್ಬಿಸುವುದು ಸಿಕ್ಕಿಬಿದ್ದವರು ಅಥವಾ ಅವರ ಜೊತೆಯವರೇ. ಆದ್ದರಿಂದ ಬಣ್ಣ ನೋಡಿ ಸುಮ್ನೆ ಪುಟ ಮುಚ್ಚಬೇಡಿ. ಈ ಮುನ್ಸೂಚನೆ ಕೊಡುವ ಕೊಲೊರಾಡೊ ಅವಲಾಂಚ್ ಇನ್ಫರ್ಮೇಶನ್ ಸೆಂಟರ್ ದಿನವೂ ಬರೆಯುವ ವಿವರವನ್ನು ಓದಿ. 'ಪರ್ಸಿಸ್ಟೆಂಟ್ ಸ್ಲ್ಯಾಬ್' ಅಂತ ಇದ್ದರೆ ನಾನು ಮೇಲೆ ಹೇಳಿದ ಕಥೆಯೇ. ಯಾವ ದಿಕ್ಕಿನ ಇಳಿಜಾರು, ಯಾವ ಎತ್ತರ ಅನ್ನುವುದೂ ಅಲ್ಲೇ ಇರುತ್ತದೆ. ಸಾಮಾನ್ಯವಾಗಿ ಉತ್ತರ ಮತ್ತು ಪೂರ್ವ.

ಸ್ಲ್ಯಾಬ್ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಫೋನಿನ ಮ್ಯಾಪ್ ಆ್ಯಪ್‌ಗಳಲ್ಲಿ ಇಳಿಜಾರಿಗೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ ಇದೆ. 30ಕ್ಕಿಂತ ಕಡಿಮೆ ಇರುವ, ತಲೆಯ ಮೇಲೆ ಕಡಿದಾದದ್ದು ಇಲ್ಲದ ದಾರಿ ಆರಿಸಿಕೊಂಡರೆ ಖುಷಿಯಾಗಿ ಹೋಗಿಬನ್ನಿ. ನಡೆಯುವಾಗ ಕಾಲಡಿ 'ಧೊಪ್' ಅಂತ ಕುಸಿದ ಸದ್ದು ಬಂದರೆ ತಳದ ಪದರ ಮುರಿಯಿತು ಅಂತ. ಆಗ ಚರ್ಚೆ ಬೇಡ, ಸಮತಟ್ಟು ಜಾಗದಲ್ಲೇ ಇದ್ದು ವಾಪಸ್ ಬನ್ನಿ.

2016ರಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿದ್ದು ನಮಗೆಲ್ಲ ನೆನಪಿದೆ. ಅವರಿಗಾಗಿ ಎಷ್ಟೊಂದು ಮನೆಗಳಲ್ಲಿ ಪ್ರಾರ್ಥನೆ ನಡೆದಿತ್ತು. ಅಂಥದ್ದು ತೀರಾ ಅಪರೂಪ. ಹೂತುಹೋದವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬಹುತೇಕರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಉಳಿಯುವವರು ಕಡಿಮೆ. 911ಕ್ಕೆ ಕರೆ ಮಾಡಿದರೂ ಅಷ್ಟರೊಳಗೆ ಯಾರೂ ಬರಲಾರರು. ಕಾಪಾಡಬೇಕಾದವರು ಜೊತೆಯಲ್ಲಿದ್ದವರೇ. ಅದಕ್ಕೇ ಬೀಕನ್ (ಹೂತವರ ಜಾಗ ಪತ್ತೆಹಚ್ಚುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಬೇಕು, ಬಳಸಿ ಅಭ್ಯಾಸವೂ ಇರಬೇಕು.

ಯಾವ ದಾರಿ, ಅತಿ ಕಡಿದಾದ ಕಡೆ ಎಷ್ಟು ಡಿಗ್ರಿ, ಸಲಿಕೆ ಯಾರ್‍ಯಾರ ಹತ್ತಿರ ಇದೆ, ಇಷ್ಟನ್ನು ಇವತ್ತೇ ಗೆಳೆಯರನ್ನು ಕೇಳಿ. ಉತ್ತರ ಇಲ್ಲದಿದ್ದರೆ ಅವರ ಜೊತೆ ಹೋಗಬೇಡಿ. ದಾರಿಯ ಹೆಸರು ಕಾಮೆಂಟಿನಲ್ಲಿ ಹಾಕಿದರೆ ನಾನೂ ಮ್ಯಾಪ್ ನೋಡಿ ಹೇಳುತ್ತೇನೆ.