ಅನಾನಸ್ ಹಾಟ್ ಸಾಸ್‌ಗೆ ಹೆಂಡದ ವಾಸನೆ ಯಾಕೆ?

ಮೆಣಸಿನಕಾಯಿ, ಅನಾನಸ್ ಎರಡನ್ನೂ ಒಟ್ಟಿಗೆ ರುಬ್ಬಿ ಹುಳಿ ಬರೋಕೆ ಇಟ್ಟೆ, ಈಗ ಮುಚ್ಚಳ ತೆಗೆದ್ರೆ ಬುಸ್ ಅಂತ ಗ್ಯಾಸ್, ಹೆಂಡದ ವಾಸನೆ ಬೇರೆ ಅಂದ್ರಲ್ಲ, ಅದಕ್ಕೆ ಕಾರಣ ಹಣ್ಣಿನ ಸಕ್ಕರೆ. ಯೀಸ್ಟ್ ಅದನ್ನ ತಿಂದು ಆಲ್ಕೋಹಾಲ್, ಗ್ಯಾಸ್ ಮಾಡತ್ತೆ, ಸಿಹಿನೂ ಹೋಗತ್ತೆ ಹಣ್ಣಿನ ಘಮನೂ ಹೋಗತ್ತೆ. ಮೇಲೆ ಬೂಷ್ಟು ಹಿಡಿದಿದ್ರೆ ಯೋಚನೆನೇ ಬೇಡ, ಪೂರ್ತಿ ಚೆಲ್ಲಿ.

ಮುಂದಿನ ಸಲ ಮೆಣಸನ್ನ ಮಾತ್ರ ಹುಳಿ ಬರಿಸಿ. 250 ಗ್ರಾಂ ಹಸಿ ಮೆಣಸಿಗೆ 7 ಗ್ರಾಂ ಉಪ್ಪು, ಜೊತೆಗೆ ನಾಲ್ಕೈದು ಎಸಳು ಬೆಳ್ಳುಳ್ಳಿ, ತರಿತರಿ ರುಬ್ಬಿ ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಸಡಿಲವಾಗಿ ಇಟ್ಟು ಒಂದು ವಾರ ಬಿಡಿ, ದಿನಾ ಒಂದ್ಸಲ ಕ್ಲೀನ್ ಚಮಚದಲ್ಲಿ ಅದುಮಿ. ಆಮೇಲೆ ಚೆನ್ನಾಗಿ ಹಣ್ಣಾದ ಅನಾನಸ್, ವಿನೆಗರ್ ಸೇರಿಸಿ ಹತ್ತು ನಿಮಿಷ ಕುದಿಸಿ ರುಬ್ಬಿ ಸೋಸಿ, ಅಷ್ಟೇ. ಕುದಿಸೋವಾಗ ಕಿಟಕಿ ತೆಗೆದಿರಿ, ಇಲ್ಲಾಂದ್ರೆ ಮನೆಮಂದಿಯೆಲ್ಲ ಕೆಮ್ಮಬೇಕಾಗತ್ತೆ 😄

ಮೆಣಸು ಯಾವುದು ಅಂದ್ರೆ, ಮಲೆನಾಡಿನ ಕಡೆಯವರು ಗೊತ್ತಿದ್ರೆ ಸೂಜಿಮೆಣಸು (ಚಿಕ್ಕ, ಭಾರಿ ಖಾರದ ಮೆಣಸಿನಕಾಯಿ) ತರಿಸಿ, ಅದರ ಖಾರಕ್ಕೆ ಅನಾನಸ್ ಸಖತ್ ಜೋಡಿ. ಕೆಂಪು ಬಣ್ಣ ಬೇಕಂದ್ರೆ ಎರಡು ಬ್ಯಾಡಗಿ ನೆನೆಸಿ ಹಾಕಿ. ಮಾವು ಹಾಕೋದಾದ್ರೆ ವಿನೆಗರ್ ಜಾಸ್ತಿ ಬೇಕು, ಹಣ್ಣಾದ ಮಾವಲ್ಲಿ ಹುಳಿ ಕಮ್ಮಿ. ಹುಳಿ ಎಷ್ಟಿದೆ ಅಂತ ಅಳೆಯೋ ಪಿಎಚ್ ಪಟ್ಟಿ ಸಿಕ್ರೆ ಚೆಕ್ ಮಾಡಿ, 4ಕ್ಕಿಂತ ಕೆಳಗೆ ಇರ್ಲಿ. ಏನೇ ಆದ್ರೂ ಫ್ರಿಜ್ಜಲ್ಲೇ ಇಡಿ.