ಮರುಭೂಮಿಯ ಮಣ್ಣಿಗೆ ಬಿದ್ದ ಕಚ್ಚಾ ತೈಲವನ್ನು ಸೂಕ್ಷ್ಮಜೀವಿಗಳು ನಿಜವಾಗಿಯೂ ತಿನ್ನುತ್ತವೆಯೇ?

ತಿನ್ನುತ್ತವೆ. ಆದರೆ ನೀರಿಲ್ಲದಿದ್ದರೆ ಸುಮ್ನೆ ಕೂರುತ್ತವೆ.

ಕುವೈತ್ ನೋಡಿ. 1991ರ ಯುದ್ಧದಲ್ಲಿ ಇರಾಕಿ ಸೇನೆ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಇಟ್ಟಿತು. ಉರಿಯದೆ ಉಕ್ಕಿದ ತೈಲ ಮರಳಿನ ಮೇಲೆ ಕೆರೆಗಳಂತೆ ನಿಂತಿತು. ಕೆಲವು ವರ್ಷಗಳ ಬಳಿಕ ಅಲ್ಲಿ ಚಿಗುರಿದ ಕಾಡುಗಿಡಗಳನ್ನು ಕಿತ್ತು ನೋಡಿದರೆ, ಸುತ್ತೆಲ್ಲ ಎಣ್ಣೆ ಮೆತ್ತಿದ ಮರಳು, ಬೇರು ಮಾತ್ರ ಬೆಳ್ಳಗೆ! ಬೇರಿಗೆ ಅಂಟಿದ ಮರಳಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ತುಂಬಿಕೊಂಡಿದ್ದವು.

ರೋಡೋಕಾಕಸ್, ಆರ್ಥ್ರೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಕಿಣ್ವದ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನ್) ನೆರವಿನಿಂದ ಎಣ್ಣೆಯ ಅಣುವಿನ ತುದಿಗೆ ಆಕ್ಸಿಜನ್ ಸೇರಿಸುತ್ತವೆ. ಅಣು ಕ್ರಮೇಣ ಕೊಬ್ಬಿನ ಆಮ್ಲವಾಗುತ್ತದೆ. ಆಮೇಲೆ ನಮ್ಮ ದೇಹ ಕೊಬ್ಬು ಕರಗಿಸುವ ರೀತಿಯಲ್ಲೇ ಎರಡೆರಡು ಕಾರ್ಬನ್ ಕತ್ತರಿಸುತ್ತಾ ಹೋಗುತ್ತವೆ. ಕೊನೆಗೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ನೇರ ಸರಪಳಿಯ ಅಣುಗಳು ಬೇಗ ಖಾಲಿ. ಡಾಂಬರಿನಂಥ ಭಾಗ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ.

ಎಣ್ಣೆಯಲ್ಲಿ ಕಾರ್ಬನ್ ಬೇಕಾದಷ್ಟಿದೆ, ಆದರೆ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಸಾರಜನಕ, ರಂಜಕ ತೀರಾ ಕಡಿಮೆ. ಮರಳಲ್ಲೂ ಅಷ್ಟೇ ಅಲ್ವಾ? ಅದಕ್ಕೇ ಗೊಬ್ಬರ, ನೀರು ಕೊಟ್ಟು, ಗಾಳಿಯಾಡಲು ಮಣ್ಣು ತಿರುವಿ ಹಾಕುತ್ತಾರೆ. ಹೊರಗಿನ ಬ್ಯಾಕ್ಟೀರಿಯಾ ತಂದು ಸುರಿಯುವುದಕ್ಕಿಂತ ಅಲ್ಲಿನವನ್ನೇ ಸಾಕುವುದು ವಾಸಿ ಅಂತ ನನಗನಿಸುತ್ತದೆ. ಆ ಬಿಸಿಲು, ಉಪ್ಪು ಅವಕ್ಕೆ ಮೊದಲೇ ರೂಢಿ.